ಗಾಳದ ಕೋಲಿಗೆ ಕುಚ್ಚಿನ ನೂಲು

ರಾಜಮ್ಮನವರು ಹುಟ್ಟಿದಂದಿನಿಂದ ಮೀನು ತಿಂದವರಲ್ಲ. ಅವರ ಮನೆಗೆ ಮೊಟ್ಟೆ ಕೂಡ ಬರುವುದಿಲ್ಲ. ಆದರೂ ಕುವೈತಿಗೆ ಬಂದ ಮೇಲೆ ಅವರಿಗೆ ಮೀನು ಹಿಡಿಯುವ ಹುಚ್ಚು ಹಿಡಿಯಿತು.

ಅದು ಆದದ್ದು ಹೀಗೆ. ಹೋದ ವರ್ಷ ಅವರ ಯಜಮಾನರು ತೀರಿಕೊಂಡರು. ಮಗ ಶ್ಯಾಮಸುಂದರ್ ಮೀನಾ ಅಲ್ ಅಹ್ಮದಿಯ ತೈಲ ಶುದ್ಧೀಕರಣ ಘಟಕದಲ್ಲಿ ಎಂಜಿನಿಯರು. ಮೈಸೂರಿನಲ್ಲಿ ಅಮ್ಮ ಒಬ್ಬಳೇ ಇರುವುದು ಬೇಡವೆಂದು ಚಳಿಗಾಲಕ್ಕೆ ವಿಸಿಟ್ ವೀಸಾ ಮಾಡಿಸಿ ಮೈದಾನ್ ಹವಲ್ಲಿಯ ತನ್ನ ಫ್ಲ್ಯಾಟಿಗೆ ಕರೆಸಿಕೊಂಡ. ಬೆಳಗಾದರೆ ಅವನು ಕೆಲಸಕ್ಕೆ ಹೋಗುತ್ತಿದ್ದ, ಹೆಂಡತಿ ಬೃಂದಾ ಬ್ಯಾಂಕಿಗೆ, ಮಗಳು ಮಾನ್ಯಾ ಶಾಲೆಗೆ. ರಾಜಮ್ಮ ಟಿವಿ ಹಾಕಿಕೊಂಡು ಕೂರುತ್ತಿದ್ದರು. ಟಿವಿಯಲ್ಲಿ ಏನು ಬಂತು ಎಂದು ಕೇಳಿದರೆ ಅವರಿಗೆ ಗೊತ್ತಿರುತ್ತಿರಲಿಲ್ಲ. ಊಟಕ್ಕೆ ಕರೆದರೆ ಬಂದು ಎರಡು ತುತ್ತು ತಿಂದು ಏಳುತ್ತಿದ್ದರು. ಮಾತೇ ನಿಂತುಹೋಗಿತ್ತು.

ಅದೇ ಕಟ್ಟಡದ ಕೆಳಗಿನ ಮಹಡಿಯಲ್ಲಿ ಹರಿಣಾಕ್ಷಿ ಇದ್ದರು. ಮಲ್ಪೆಯ ಕಡೆಯವರು, ಕಾರ್ಗೋ ಕಂಪನಿಯೊಂದರ ಆಫೀಸಿನಲ್ಲಿ ಕೆಲಸ. ಗಂಡ ಸೇಸಪ್ಪನವರದು ಹೋಟೆಲು ಕೆಲಸ, ಅವರಿಗೆ ಶುಕ್ರವಾರವೂ ರಜೆ ಇಲ್ಲ. ಹಾಗಾಗಿ ಶುಕ್ರವಾರ ಬೆಳಿಗ್ಗೆ ಹರಿಣಾಕ್ಷಿ ಗಾಳದ ಕೋಲು ಹಿಡಿದು ಮಹಬೂಲಾದ ಕಡೆ, ಮೀನು ಹಿಡಿಯಲು ಬಿಡುವ ಜಾಗಕ್ಕೆ ಹೋಗುವುದು ರೂಢಿ. ಒಂದು ಶುಕ್ರವಾರ ಅವರೇ ಮೇಲೆ ಬಂದು ಕರೆದರು.

“ಅಮ್ಮ, ಮನೆ ಒಳಗೇ ಎಷ್ಟು ಕೂರುದು? ಸುಮ್ನೆ ಕಡಲ ಗಾಳಿಗೆ ಬನ್ನಿ. ಮೀನು ಮುಟ್ಲಿಕ್ಕೆ ನಾನು ಹೇಳುದಿಲ್ಲ.”

ಎಲ್ಲರೂ ಹೋದರು. ಅಲ್ಲಿ ಹರಿಣಾಕ್ಷಿ ಫ್ಲಾಸ್ಕಿನಿಂದ ಚಹಾ ಬಗ್ಗಿಸುವಾಗ ಕೋಲನ್ನು ರಾಜಮ್ಮನವರ ಕೈಗೆ ಕೊಟ್ಟು, “ಒಂದು ನಿಮಿಷ ಹಿಡ್ಕೊಳ್ಳಿ” ಎಂದರು. ಅಷ್ಟರಲ್ಲಿ ಕೋಲು ಬಾಗಿತು.

“ಅಯ್ಯೋ ರಾಮ! ಯಾರೋ ಎಳೀತಿದಾರೆ ಕಣ್ರೀ!” ಎಂದು ಕೂಗಿದ ರಾಜಮ್ಮ, ಮರುಕ್ಷಣ ಜೋರಾಗಿ ನಗತೊಡಗಿದರು. ಆ ನಗು ಕೇಳಿ ಬೃಂದಾಳ ಕಣ್ಣು ತುಂಬಿತು. ಅತ್ತೆ ಹೀಗೆ ನಕ್ಕು ಎಷ್ಟು ಕಾಲವಾಗಿತ್ತು!

ಬಂದ ಮೀನನ್ನು ರಾಜಮ್ಮ ಹರಿಣಾಕ್ಷಿಯ ಕೈಯಿಂದ ಗಾಳ ತೆಗೆಸಿ ಮತ್ತೆ ನೀರಿಗೇ ಬಿಡಿಸಿದರು. ಅಲ್ಲಿಂದ ಮುಂದೆ ಪ್ರತಿ ಶುಕ್ರವಾರ ಇದೇ ಆಟ, ಹಿಡಿಯುವುದು, ಬಿಡುವುದು. ಹರಿಣಾಕ್ಷಿ ತಮ್ಮಲ್ಲಿದ್ದ ಇನ್ನೊಂದು ಕೋಲನ್ನು ಅವರಿಗೇ ಕೊಟ್ಟುಬಿಟ್ಟರು. ಅದು ಹಗುರವಾದ ಫೈಬರ್ ಕೋಲು, ರಾಜಮ್ಮನವರ ನೋಯುವ ಭುಜಕ್ಕೆ ಸರಿಯಾಗಿತ್ತು. ಹರಿಣಾಕ್ಷಿಯ ತಮ್ಮ ಧನರಾಜ್ ಕುವೈತಿನ ಕೆಲಸ ಬಿಟ್ಟು ಊರಿಗೆ ಹೋಗುವಾಗ ಅಕ್ಕನಿಗೆ ಕೊಟ್ಟುಹೋದದ್ದು ಅದು.

ಎಲ್ಲ ಚೆನ್ನಾಗಿತ್ತು. ಆದರೆ ರಾಜಮ್ಮ ಊರಿಗೆ ಹೊರಡಲು ಒಂದು ವಾರ ಉಳಿದಿರುವಾಗ, ಕಡಲ ಬದಿಯಿಂದ ಹೊರಡುವ ಗಡಿಬಿಡಿಯಲ್ಲಿ ಶ್ಯಾಮಸುಂದರ್ ಸಾಮಾನೆಲ್ಲ ಕಾರಿನ ಡಿಕ್ಕಿಗೆ ತುಂಬಿದ. “ಯಲ್ಲಾ, ಯಲ್ಲಾ!” ಎಂದು ಅವಸರ ಮಾಡಿ ಎಲ್ಲರನ್ನೂ ಹತ್ತಿಸಿ ಡಿಕ್ಕಿಯ ಬಾಗಿಲು ಹಾಕಿದ. ಮನೆಗೆ ಬಂದು ತೆಗೆದು ನೋಡಿದರೆ ಕೋಲಿನ ತುದಿ ಗೇಣುದ್ದ ಮುರಿದು ದಾರದಲ್ಲಿ ನೇತಾಡುತ್ತಿತ್ತು. ಅದರ ಕೆಳಗೆ ದಾರ ಹಾಯುವ ಒಂದು ಉಂಗುರವೂ ಕಿತ್ತು ಬಂದಿತ್ತು.

ಅಮ್ಮ ಆಗಲೇ ಮೇಲೆ ಹೋಗಿದ್ದರು. ಶ್ಯಾಮಸುಂದರ್ ಕೋಲನ್ನು ಬಟ್ಟೆಯಲ್ಲಿ ಸುತ್ತಿ ತಂದು ಫ್ರಿಜ್ಜಿನ ಹಿಂದೆ ನಿಲ್ಲಿಸಿದ. ಬೃಂದಾಳಿಗೆ ಮಾತ್ರ ಹೇಳಿದ.

“ಹರಿಣಾಕ್ಷಿ ಅಕ್ಕನಿಗೆ ಹೇಳ್ಬಿಡಿ. ಅವರೇನು ಬೈಯೋಲ್ಲ” ಎಂದಳು ಬೃಂದಾ.

“ತಮ್ಮ ಕೊಟ್ಟಿದ್ದು ಅಂತ ಎಷ್ಟು ಜೋಪಾನ ಮಾಡಿದ್ರು ನೋಡಿದೀಯಲ್ಲ. ಯಾವ ಮುಖ ಇಟ್ಕೊಂಡು ಹೇಳ್ಲಿ? ಅಂಥದ್ದೇ ಇನ್ನೊಂದು ತಂದ್ಬಿಡ್ತೀನಿ.”

ಆದರೆ ಅಂಗಡಿಯಲ್ಲಿ ಅಂಥದ್ದು ಇರಲಿಲ್ಲ. ಇದ್ದವೆಲ್ಲ ಆಳೆತ್ತರ ಮೀರಿದ ಭಾರದ ಕೋಲುಗಳು. ಸರಿ, ತಾನೇ ಅಂಟಿಸುತ್ತೇನೆಂದು ಶ್ಯಾಮಸುಂದರ್ ಕ್ಷಣದಲ್ಲಿ ಅಂಟುವ ಗಮ್ ತಂದ. ಮುರಿದ ಎರಡು ತುಂಡುಗಳ ತುದಿಗೆ ತುದಿ ಸೇರಿಸಿ, ಮೇಲೆ ಟೇಪು ಸುತ್ತಿದ. ಮೊದಲು ಅಂಟಿದ್ದು ಅವನ ಎರಡು ಬೆರಳು. ಬಿಸಿನೀರಿನಲ್ಲಿ ನೆನೆಸಿ ಬಿಡಿಸಿಕೊಳ್ಳುವಷ್ಟರಲ್ಲಿ ಸಾಕುಸಾಕಾಯಿತು. ಕೋಲನ್ನು ಸ್ವಲ್ಪ ಬಗ್ಗಿಸಿ ನೋಡಿದ್ದೇ ತಡ, ಟಪ್ ಎಂದು ಮತ್ತೆ ಅಲ್ಲೇ ಮುರಿಯಿತು.

“ಖಲಾಸ್! ಇದರ ಕಥೆ ಮುಗೀತು” ಎಂದ. “ರಿಪೇರಿ ಅನ್ನೋದೆಲ್ಲ ಸುಮ್ನೆ ಮನಸ್ಸಿಗೆ ಸಮಾಧಾನ ಅಷ್ಟೆ. ನಮ್ಮ ಪ್ಲಾಂಟಲ್ಲಿ ಬಿರುಕು ಬಿಟ್ಟ ಪೈಪಿಗೆ ಟೇಪು ಸುತ್ತಿ ಇಟ್ಕೋತೀವಾ? ಬದಲಾಯಿಸ್ತೀವಿ.”

ಈ ನಡುವೆ ರಾಜಮ್ಮ ಮತ್ತೆ ಟಿವಿ ಮುಂದೆ ಕೂರಲು ಶುರು ಮಾಡಿದ್ದರು. ಬರುವ ಶುಕ್ರವಾರದ ಮಾತನ್ನೇ ಎತ್ತಲಿಲ್ಲ. ಹೊರಡುವ ಬೇಸರವಿರಬೇಕು ಎಂದುಕೊಂಡಳು ಬೃಂದಾ.

ಬುಧವಾರ ಸಂಜೆ ಶ್ಯಾಮಸುಂದರ್ ಕೋಲನ್ನು ಕಪ್ಪು ಕಸದ ಚೀಲಕ್ಕೆ ತುರುಕಿದ. ದಾರ, ಗಾಳ ಎಲ್ಲ ಅದರಲ್ಲೇ ಇತ್ತು. ಕೆಳಗಿನ ಕಸದ ಡಬ್ಬಿಗೆ ಹಾಕಲು ಲಿಫ್ಟಿನ ಗುಂಡಿ ಒತ್ತಿದ. ಬಾಗಿಲು ತೆರೆಯಿತು. ಒಳಗೆ ಹರಿಣಾಕ್ಷಿ! ಕೈಯಲ್ಲಿ ಒಂದು ಡಬ್ಬಿ ಹಿಡಿದು ಇವರ ಮನೆಗೇ ಬರುತ್ತಿದ್ದರು.

“ಅಮ್ಮನಿಗೆ ಊರಿಗೆ ಕೊಂಡೋಗ್ಲಿಕ್ಕೆ ಸ್ವಲ್ಪ ಖರ್ಜೂರ ತಂದೆ ಸರ್...” ಎನ್ನುತ್ತಿದ್ದವರ ಕಣ್ಣು ಚೀಲದಿಂದ ಹೊರಗೆ ಚಾಚಿದ್ದ ಕೋಲಿನ ಮೇಲೆ ಬಿತ್ತು. “ಎಂತ ಅದು? ನಮ್ಮ ಧನುವಿನ ಕೋಲಲ್ವಾ?”

ಶ್ಯಾಮಸುಂದರನ ಮುಖ ಬಿಳುಚಿತು. “ಡಿಕ್ಕಿ ಬಾಗಿಲಿಗೆ ಸಿಕ್ಕಿ ಮುರಿದೋಯ್ತು. ಅಂಥದ್ದೇ ಹುಡುಕ್ತಿದೀನಿ, ಸಿಕ್ತಿಲ್ಲ. ತಪ್ಪು ನಂದೇ” ಎಂದ.

ಹರಿಣಾಕ್ಷಿ ಕೋಲನ್ನು ಚೀಲದಿಂದ ಮೆಲ್ಲಗೆ ಎಳೆದು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ನಕ್ಕರು.

“ತುದಿ ಮುರಿದದ್ದಕ್ಕೆ ಇಷ್ಟು ಹೆದರಿದ್ದಾ ಮಾರಾಯ್ರೆ? ನಾನು ಇದನ್ನು ಎಷ್ಟು ಸಲ ಸರಿ ಮಾಡಿದ್ದೇನೆ. ಬೇಜಾರಾದದ್ದು ಮುರಿದದ್ದಕ್ಕಲ್ಲ. ಗಾಳ ಬಿಚ್ಚದೆ ಹಾಗೇ ಕಸಕ್ಕೆ ಹಾಕ್ಲಿಕ್ಕೆ ಹೊರಟದ್ದಕ್ಕೆ. ಮೊನ್ನೆ ಯಾರೋ ಹೀಗೇ ಹಾಕಿದ್ದು ನಮ್ಮ ಹಾರಿಸ್ ಭಾಯಿಯ ಅಂಗೈಗೆ ಚುಚ್ಚಿತ್ತು, ಪಾಪ.”

ಹಾರಿಸ್ ಅಂದರೆ ಕಟ್ಟಡ ಕಾಯುವವನು. ದಿನವೂ ಕಸದ ಚೀಲ ಎತ್ತುವವನೂ ಅವನೇ. ಶ್ಯಾಮಸುಂದರನಿಗೆ ನಾಚಿಕೆಯಾಯಿತು. “ಅದು ನಂಗೆ ಹೊಳೀಲೇ ಇಲ್ಲ” ಎಂದ.

ಇಬ್ಬರೂ ಮನೆಯೊಳಗೆ ಬಂದರು. ಟಿವಿ ಮುಂದಿದ್ದ ರಾಜಮ್ಮ ಕೋಲು ನೋಡಿ, “ಅಂತೂ ಫ್ರಿಜ್ಜಿನ ಹಿಂದಿಂದ ಈಚೆಗೆ ಬಂತಾ?” ಎಂದರು.

ಶ್ಯಾಮಸುಂದರ್ ಬೆಚ್ಚಿದ. “ನಿಂಗೆ ಗೊತ್ತಿತ್ತೇನಮ್ಮಾ?”

“ಸೋಮವಾರ ನೆಲ ಒರೆಸ್ವಾಗ್ಲೇ ನೋಡ್ದೆ ಕಣೋ. ಹೇಳೋಕೆ ನೀನು ಒದ್ದಾಡ್ತಿದ್ದೆ. ನಾನು ಶುಕ್ರವಾರ ಹೋಗೋಣ ಅಂದ್ರೆ ನಿಂಗೆ ಇನ್ನೂ ಕಷ್ಟ ಆಗುತ್ತೆ ಅಂತ ಸುಮ್ನಾದೆ.”

ಬೃಂದಾ ಅತ್ತೆಯ ಪಕ್ಕ ಬಂದು ಕುಳಿತಳು.

“ಹಾಗಾದ್ರೆ ಶುಕ್ರವಾರ ಹೋಗಿಯೇ ಸೈ” ಎಂದರು ಹರಿಣಾಕ್ಷಿ. “ಬೃಂದಾ, ಮೇಜಿನ ಮೇಲೆ ಹಳೇ ಪೇಪರ್ ಹಾಸು. ನಾನು ನನ್ನ ಡಬ್ಬಿ ತರ್ತೇನೆ.”

ಹರಿಣಾಕ್ಷಿ ತಂದ ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಇದ್ದದ್ದು ಹಳೇ ಕೋಲುಗಳಿಂದ ಬಿಚ್ಚಿಟ್ಟ ಚಿಕ್ಕ ದೊಡ್ಡ ಉಂಗುರಗಳು, ತೆಳು ಮರಳು ಕಾಗದ, ಒಂದು ಇಕ್ಕಳ, ಎರಡು ಟ್ಯೂಬು ಬೆರೆಸಿ ಹಚ್ಚುವ ಎಪಾಕ್ಸಿ ಗಮ್. ಅಷ್ಟೇ.

“ಮೊದಲು ಗಾಳ ಕತ್ತರಿಸಿ ತೆಗೀಬೇಕು. ಯಾವ ರಿಪೇರಿ ಮಾಡುದಾದ್ರೂ ಇದೇ ಮೊದಲು” ಎನ್ನುತ್ತ ಗಾಳದ ಮೊನೆಗೆ ಟೇಪು ಸುತ್ತಿ ಪಕ್ಕಕ್ಕಿಟ್ಟರು. ಮಾನ್ಯಾ ಓಡಿ ಬಂದಳು. “ಕ್ಯಾನ್ ಐ ಹೆಲ್ಪ್, ಆಂಟಿ?”

“ಹ್ಞಾಂ, ಆದ್ರೆ ಗಾಳಕ್ಕೆ ಕೈ ಹಾಕ್ಬೇಡ. ಕಿವಿಗೆ ಹಾಕುವ ಹತ್ತಿ ಕಡ್ಡಿ ಉಂಟಲ್ಲ, ಅದು ತಾ.”

ಶ್ಯಾಮಸುಂದರ್ ಕೈಕಟ್ಟಿ ನಿಂತಿದ್ದ. “ಹರಿಣಾಕ್ಷಿಯವರೇ, ನಾನೂ ಅಂಟಿಸಿ ನೋಡ್ದೆ. ನಿಲ್ಲಲ್ಲ.”

“ನೀವು ಎರಡು ತುಂಡು ಸೇರಿಸಿ ಅಂಟಿಸಿದ್ದು. ಕೋಲು ಬಗ್ಗುವ ವಸ್ತು ಸರ್, ತುದಿಗೆ ತುದಿ ಅಂಟಿಸಿದ್ರೆ ನಿಲ್ಲುದಿಲ್ಲ. ಮುರಿದ ಚೂರನ್ನು ಮರ್ತುಬಿಡಿ. ಉಳಿದ ಕೋಲಿಗೆ ಹೊಸ ತುದಿ ಮಾಡುವ. ಗೇಣುದ್ದ ಗಿಡ್ಡ ಆಗ್ತದೆ, ಅಷ್ಟೆ.”

“ಮತ್ತೆ ನಮ್ಮ ಪ್ಲಾಂಟಲ್ಲಿ ಪೈಪು ಬಿರುಕು ಬಿಟ್ರೆ ಬದಲಾಯಿಸೇಬಿಡ್ತೀವಲ್ಲ?”

“ಅದೂ ಸರಿಯೇ. ನಡುವಲ್ಲೋ ಹಿಡಿಯ ಹತ್ರವೋ ಬಿರುಕು ಬಿಟ್ಟಿದ್ರೆ ನಾನು ಮನೇಲಿ ಮುಟ್ತಿರ್ಲಿಲ್ಲ. ಅಲ್ಲಿ ಮುರಿದ್ರೆ ಕಣ್ಣಿಗೆ ಹೊಡೀತದೆ. ಎಲ್ಲಿ ಮುರಿದಿದೆ ಅಂತ ನೋಡ್ಬೇಕು ಮೊದಲು.”

ಶ್ಯಾಮಸುಂದರ್ ಕಟ್ಟಿದ ಕೈ ಬಿಚ್ಚಿ ಕುರ್ಚಿ ಎಳೆದುಕೊಂಡು ಕುಳಿತ.

ಹರಿಣಾಕ್ಷಿ ಎಲ್ಲರಿಗೂ ಮಾಸ್ಕ್ ಹಾಕಿಸಿದರು. ಮರಳು ಕಾಗದವನ್ನು ನೀರಿಗೆ ಅದ್ದಿ, ಸೀಳು ಸೀಳಾಗಿದ್ದ ತುದಿಯನ್ನು ಸುತ್ತಲೂ ಉಜ್ಜಿ ಸಮ ಮಾಡಿದರು. “ಒಣಗಿದ್ದು ಉಜ್ಜಬಾರ್ದು. ಇದರ ಧೂಳು ಗಾಜಿನ ಪುಡಿ ಹಾಗೆ, ಉಸಿರಿಗೆ ಹೋದ್ರೆ ಕಷ್ಟ, ಚರ್ಮಕ್ಕೂ ಚುಚ್ತದೆ” ಎಂದು ಮೇಜನ್ನು ಒದ್ದೆ ಬಟ್ಟೆಯಿಂದ ಒರೆಸಿದರು.

ಮುರಿದ ಚೂರಿನಲ್ಲಿದ್ದ ತುದಿಯ ಉಂಗುರ ಇಲ್ಲಿಗೆ ಕೂರಲಿಲ್ಲ. ಕೋಲು ಕೆಳಗೆ ಬಂದಷ್ಟೂ ದಪ್ಪವಲ್ಲವೇ? ಡಬ್ಬಿಯಲ್ಲಿ ಹುಡುಕಿ ಸರಿಯಾಗಿ ಕೂರುವ ಒಂದನ್ನು ಆರಿಸಿದರು. ಕೋಲಿನ ತುದಿ ತೂರುವ ಅದರ ಬುಡದ ಕೊಳವೆಯೊಳಗೆ ಹಳೇ ಕೋಲಿನ ಚೂರು ಸಿಕ್ಕಿಕೊಂಡಿತ್ತು. ಕಿಟಕಿ ತೆರೆದು, ಮಾನ್ಯಾಳನ್ನು ದೂರ ನಿಲ್ಲಿಸಿ, ಉಂಗುರವನ್ನು ಇಕ್ಕಳದಲ್ಲಿ ಹಿಡಿದು ಲೈಟರಿನಿಂದ ಸ್ವಲ್ಪವೇ ಬಿಸಿ ಮಾಡಿದರು. ಒಳಗಿನ ಹಳೇ ಅಂಟು ಸಡಿಲವಾಗಿ ಚೂರು ಹೊರಬಂತು.

ಎಪಾಕ್ಸಿ ಬೆರೆಸಿ ಹಚ್ಚಿ ಉಂಗುರ ಕೂರಿಸುವಾಗ, “ಸರ್, ನಿಮ್ಮ ಎಂಜಿನಿಯರ್ ಕಣ್ಣು ಬೇಕು ಈಗ” ಎಂದು ಕರೆದರು. ಶ್ಯಾಮಸುಂದರ್ ಒಂದು ಕಣ್ಣು ಮುಚ್ಚಿ ಕೋಲಿನ ಉದ್ದಕ್ಕೂ ನೋಡಿದ. “ಒಂಚೂರು ಎಡಕ್ಕೆ... ಇನ್ನೊಂಚೂರು... ಹಾಂ, ಬಂತು!” ಎಲ್ಲ ಉಂಗುರಗಳೂ ಒಂದೇ ಸಾಲಿಗೆ ಬಂದವು.

ಅತ್ತ ಮಾನ್ಯಾ ಉಳಿದ ಉಂಗುರಗಳ ಒಳಗೆ ಹತ್ತಿ ಕಡ್ಡಿ ತಿರುಗಿಸುತ್ತಿದ್ದಳು. ಎಲ್ಲ ನುಣ್ಣಗಿದ್ದವು. ಕಿತ್ತು ಬಂದಿದ್ದ ಆ ಒಂದು ಉಂಗುರಕ್ಕೆ ಮಾತ್ರ ಹತ್ತಿಯ ಎಳೆ ಸಿಕ್ಕಿಕೊಂಡಿತು.

“ನೋಡಿ, ಇದಕ್ಕೇ ಹತ್ತಿ ಕಡ್ಡಿ” ಎಂದರು ಹರಿಣಾಕ್ಷಿ. “ಕಣ್ಣಿಗೆ ಕಾಣದ ಬಿರುಕು ಉಂಟು. ದೊಡ್ಡ ಮೀನು ಎಳೆದಾಗ ಇದೇ ದಾರ ಕುಯ್ತದೆ. ನಾವು ದಾರವನ್ನು ಬೈತೇವೆ! ಇದು ಬೇಡ, ಡಬ್ಬಿಯಿಂದ ಬೇರೆ ಹಾಕುವ. ಇದನ್ನು ನೂಲು ಸುತ್ತಿಯೇ ಕಟ್ಬೇಕು. ಒಂದರ ಪಕ್ಕ ಒಂದು ಸುತ್ತು, ನಡುವೆ ಜಾಗ ಬಿಡದೆ, ಬಿಗಿಯಾಗಿ. ನನಗೆ ಇದೊಂದು ಸ್ವಲ್ಪ ಸೊಟ್ಟ ಬರ್ತದೆ.”

ಇಷ್ಟು ಹೊತ್ತು ಸುಮ್ಮನೆ ನೋಡುತ್ತಿದ್ದ ರಾಜಮ್ಮ ಎದ್ದು ಹೋದರು. ಬರುವಾಗ ಅವರ ಕೈಯಲ್ಲಿ ರೇಷ್ಮೆ ನೂಲಿನ ಉಂಡೆಗಳಿದ್ದವು. ಸೊಸೆಯ ಸೀರೆಗೆ ಕುಚ್ಚು ಕಟ್ಟಿಕೊಡಲು ಊರಿನಿಂದ ತಂದದ್ದು.

“ಈ ನೂಲು ಆಗುತ್ತಾ ಹರಿಣಾಕ್ಷಮ್ಮ?”

“ಯಾಕಾಗುದಿಲ್ಲ ಅಮ್ಮ? ರೇಷ್ಮೆ ಆಗ್ತದೆ, ಪಾಲಿಯೆಸ್ಟರ್ ಹೊಲಿಗೆ ದಾರವೂ ಆಗ್ತದೆ. ಬಿಗಿ ನಿಲ್ಬೇಕು, ಅಷ್ಟೆ.”

ರಾಜಮ್ಮ ಕನ್ನಡಕ ಸರಿ ಮಾಡಿಕೊಂಡು ಗಿಣಿಹಸಿರು ನೂಲು ಆರಿಸಿದರು. ಹರಿಣಾಕ್ಷಿ ಉಂಗುರದ ಎರಡು ಚಪ್ಪಟೆ ಕಾಲುಗಳಲ್ಲಿ ಒಂದನ್ನು ಟೇಪಿನಿಂದ ಕೋಲಿಗೆ ತಾತ್ಕಾಲಿಕವಾಗಿ ಹಿಡಿಸಿದರು. ಇನ್ನೊಂದು ಕಾಲಿನ ಮೇಲೆ ರಾಜಮ್ಮನವರ ಬೆರಳುಗಳು ಓಡತೊಡಗಿದವು. ಮಗನ ಮದುವೆಯ ಸೀರೆಗಳಿಗೆಲ್ಲ ಕುಚ್ಚು ಕಟ್ಟಿದ ಬೆರಳುಗಳು ಅವು. ಸುತ್ತುಗಳು ಒಂದಕ್ಕೊಂದು ಅಂಟಿಕೊಂಡು ಕೂತವು.

“ಮುಗಿಯುವ ಮೊದಲು ಬೇರೊಂದು ನೂಲನ್ನು ಮಡಿಸಿ ಕುಣಿಕೆ ಹಾಗೆ ಒಳಗೆ ಇಡಿ ಅಮ್ಮ. ಅದರ ಮೇಲೆ ಕೊನೆಯ ಸುತ್ತುಗಳನ್ನು ಹಾಕಿ. ಆಮೇಲೆ...”

“ಆಮೇಲೆ ನೂಲಿನ ಕೊನೇನ ಕುಣಿಕೆಗೆ ಸೇರಿಸಿ ಎಳೆದ್ಬಿಟ್ರೆ ಕೊನೆ ಒಳಗಡೆ ಅಡಗುತ್ತೆ. ಗಂಟೇ ಬೇಡ. ಇದು ನಂಗೆ ಗೊತ್ತು ಕಣಮ್ಮ!” ಎಂದು ರಾಜಮ್ಮ ಎಳೆದೇಬಿಟ್ಟರು. ಟೇಪು ಬಿಚ್ಚಿ ಇನ್ನೊಂದು ಕಾಲಿಗೂ ಸುತ್ತಿದರು. ಅದಕ್ಕೆ ಅರಿಶಿನ ಬಣ್ಣದ ನೂಲು.

“ಅಜ್ಜಿ, ಇಟ್ಸ್ ಬ್ಯೂಟಿಫುಲ್!” ಎಂದಳು ಮಾನ್ಯಾ.

ಸುತ್ತಿದ ನೂಲಿಗೆ ತೆಳ್ಳಗೆ ಎಪಾಕ್ಸಿ ಸವರಿ, ಕೋಲನ್ನು ಎರಡು ಸ್ಟೀಲ್ ಡಬ್ಬಿಗಳ ಮೇಲೆ ಅಡ್ಡ ಇಟ್ಟರು. ಅಂಟು ಒಂದೇ ಕಡೆ ಇಳಿಯಬಾರದಲ್ಲ, ಅದಕ್ಕೆ ಮಾನ್ಯಾ ಕೂತು ಆಗಾಗ ಕೋಲನ್ನು ತಿರುಗಿಸಿದಳು.

ದಾರ ಸುತ್ತುವ ರೀಲಿನ ಕೆಲಸ ಶ್ಯಾಮಸುಂದರ್ ವಹಿಸಿಕೊಂಡ. ಕಡಲಿನ ಉಪ್ಪು ಕೂತು ಅದು ಕರಕರ ಎನ್ನುತ್ತಿತ್ತು. ಸಿಹಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಒಣಗಿಸಿದ.

“ಕೊಬ್ಬರಿ ಎಣ್ಣೆ ಕೊಡ್ಲೇನೋ?” ಎಂದರು ರಾಜಮ್ಮ.

“ಬೇಡಮ್ಮ. ತಲೆಗೆ ಹಾಕೋದು, ಅಡುಗೆಗೆ ಹಾಕೋದು ಎರಡೂ ಆಮೇಲೆ ಜಿಗುಟಾಗಿಬಿಡುತ್ತೆ. ಹೊಲಿಗೆ ಮೆಷೀನಿನ ಎಣ್ಣೆ ಒಂದು ತೊಟ್ಟು ಸಾಕು.”

“ಇದು ನನಗೆ ಗೊತ್ತಿರ್ಲಿಲ್ಲ ನೋಡಿ” ಎಂದರು ಹರಿಣಾಕ್ಷಿ. “ಅದಕ್ಕೇ ನನ್ನ ರೀಲು ಯಾವಾಗ್ಲೂ ಹಿಡ್ಕೊಳ್ಳುದು!” ಎಲ್ಲರೂ ನಕ್ಕರು.

ಕೊನೆಗೆ ಬೃಂದಾ ದಾರವನ್ನು ಎರಡು ಬೆರಳ ನಡುವೆ ಹಾಯಿಸುತ್ತ ನೋಡಿದಳು. ಒರಟಾಗಿ ತಾಗಿದ ಭಾಗವನ್ನು ಕತ್ತರಿಸಿ ತೆಗೆದಳು. ತೆಗೆದದ್ದನ್ನು ಚಿಕ್ಕ ಚಿಕ್ಕ ತುಂಡು ಮಾಡಿ ಖಾಲಿ ಬಾಟಲಿಗೆ ತುಂಬಿ, ಟೇಪು ಸುತ್ತಿದ ಹಳೇ ಗಾಳವನ್ನೂ ಅದಕ್ಕೇ ಹಾಕಿ ಮುಚ್ಚಳ ತಿರುಗಿಸಿದಳು. ಇನ್ನು ಕಸಕ್ಕೆ ಹಾಕಿದರೂ ಯಾರಿಗೂ ಚುಚ್ಚುವುದಿಲ್ಲ, ಹಕ್ಕಿಯ ಕಾಲಿಗೂ ಸುತ್ತಿಕೊಳ್ಳುವುದಿಲ್ಲ.

ಗುರುವಾರ ಇಡೀ ದಿನ ಕೋಲು ಒಣಗಿತು. ಶ್ಯಾಮಸುಂದರನಿಗೆ ಇನ್ನೂ ನಂಬಿಕೆ ಇರಲಿಲ್ಲ. ಸಂಜೆ ದಾರಕ್ಕೆ ಚಿಕ್ಕ ನೀರಿನ ಬಾಟಲಿ ಕಟ್ಟಿ ಮೆಲ್ಲಗೆ ಎತ್ತಿದ. ಕೋಲು ಬಾಗಿತು. ಉಂಗುರ ಅಲುಗಲಿಲ್ಲ. ಇನ್ನೊಮ್ಮೆ ಎತ್ತಿದ. ಅಲುಗಲಿಲ್ಲ.

“ಪಾಸಾ?” ಎಂದಳು ಬೃಂದಾ.

“ನಾಳೆ ನೋಡೋಣ” ಎಂದ, ಆದರೆ ಮುಖದಲ್ಲಿ ನಗು ಇತ್ತು.

ಶುಕ್ರವಾರ ಬೆಳಿಗ್ಗೆ ಮಹಬೂಲಾದ ಕಡಲು ಶಾಂತವಾಗಿತ್ತು. ರಾಜಮ್ಮ ಸ್ವೆಟರು ಹಾಕಿ, ಸೆರಗು ಸಿಕ್ಕಿಸಿ, ಗಾಳ ಎಸೆದು ನಿಂತರು. ಬಹಳ ಹೊತ್ತು ಏನೂ ಆಗಲಿಲ್ಲ. ಹರಿಣಾಕ್ಷಿ ಚಹಾ ಬಗ್ಗಿಸಿದರು. ಮಾನ್ಯಾ ಬೇಸರಗೊಂಡು ಕಪ್ಪೆಚಿಪ್ಪು ಹೆಕ್ಕಲು ಹೊರಟಳು. ಆಗ ಕೋಲು ಬಾಗಿತು, ಹಿಂದೆಂದಿಗಿಂತ ಜಾಸ್ತಿ ಬಾಗಿತು.

“ಅಮ್ಮಾ, ನಿಧಾನ! ಬಿಗಿ ಎಳೀಬೇಡ!” ಶ್ಯಾಮಸುಂದರ್ ಕೂಗಿದ. ಅವನ ಕಣ್ಣು ಮೀನಿನ ಮೇಲಲ್ಲ, ಆ ಗಿಣಿಹಸಿರು ಕಟ್ಟಿನ ಮೇಲಿತ್ತು.

“ನೀನು ಸುಮ್ನಿರೋ! ನಾನು ಕಟ್ಟಿರೋದು ಅದು, ಬಿಚ್ಚಲ್ಲ!” ಎನ್ನುತ್ತ ರಾಜಮ್ಮ ಸ್ವಲ್ಪ ಬಿಟ್ಟು, ಸ್ವಲ್ಪ ಸುತ್ತಿ, ಮತ್ತೆ ಬಿಟ್ಟು, ಕೊನೆಗೆ ಎಳೆದರು. ನೀರಿನಿಂದ ಹೊರಬಂದದ್ದು ಬೆಳ್ಳಿ ಮೈಯ, ಹಳದಿ ರೆಕ್ಕೆಯ, ಕುವೈತಿನವರು ಶೇಮ್ ಎನ್ನುವ ದೊಡ್ಡ ಮೀನು. ಇಷ್ಟು ದಿನದಲ್ಲಿ ಅಷ್ಟು ದೊಡ್ಡದು ಅವರ ಗಾಳಕ್ಕೆ ಬಿದ್ದಿರಲಿಲ್ಲ.

ಹರಿಣಾಕ್ಷಿ ಕೈ ಒದ್ದೆ ಮಾಡಿಕೊಂಡು ಗಾಳ ಬಿಡಿಸಿದರು. ಮೀನನ್ನು ಎರಡು ಕೈಯಲ್ಲಿ ಹಿಡಿದು ರಾಜಮ್ಮನವರ ಮುಖ ನೋಡಿದರು. “ಅಮ್ಮ, ಇದೊಂದನ್ನು ನನ್ನ ಸಾರಿಗೆ ಬಿಡಿ ಮಾರಾಯ್ರೆ. ಸೇಸಪ್ಪರು ಇವತ್ತು ಊಟಕ್ಕೆ ಮನೆಗೆ ಬರ್ತಾರೆ.”

“ಉಹೂಂ. ನಾನು ನಾಳೆ ಊರಿಗೆ ಹೊರಟಿದೀನಿ. ಹೋಗೋ ಮುಂಚೆ ಪಾಪ ಕಟ್ಕೊಳ್ಳಲ್ಲ. ಬಿಡಮ್ಮ ಅದನ್ನ.”

ಮೀನು ನೀರಿಗೆ ಹೋಯಿತು. ಹರಿಣಾಕ್ಷಿ ನಿಟ್ಟುಸಿರು ಬಿಟ್ಟು, “ಇವತ್ತು ನಮ್ಮಲ್ಲಿ ಸೌತೆಕಾಯಿ ಸಾಂಬಾರು” ಎಂದರು. ರಾಜಮ್ಮ ನಕ್ಕು ನಕ್ಕು ಕಲ್ಲಿನ ಮೇಲೆ ಕುಳಿತುಬಿಟ್ಟರು. ಶ್ಯಾಮಸುಂದರ್ ಕೋಲನ್ನು ತೆಗೆದುಕೊಂಡು ತುದಿಯಿಂದ ಬುಡದವರೆಗೆ ಬೆರಳಾಡಿಸಿ ನೋಡಿದ. ಒಂದು ಎಳೆಯೂ ಸಡಿಲವಾಗಿರಲಿಲ್ಲ.

ರಾಜಮ್ಮ ಮರುದಿನ ಊರಿಗೆ ಹೋದರು. ಹೋಗುವ ಮೊದಲು ಮೊಮ್ಮಗಳಿಗೆ ನೂಲು ಸುತ್ತುವುದನ್ನು ಕಲಿಸಿದರು. ಈಗ ಶ್ಯಾಮಸುಂದರನ ಆಫೀಸಿನ ಆಲ್ರೊಯ್ ತನ್ನ ಕೋಲು ಮುರಿಯಿತು, ಹೊಸದು ಎಲ್ಲಿ ಒಳ್ಳೆಯದು ಸಿಗುತ್ತದೆ ಎಂದು ಕೇಳಿದರೆ, ಶ್ಯಾಮಸುಂದರ್ ಕೇಳುವ ಮೊದಲ ಪ್ರಶ್ನೆಯೇ ಬೇರೆ. “ತಡಿ, ಎಲ್ಲಿ ಮುರಿದಿದೆ ತೋರ್ಸು. ತುದಿಯಾದ್ರೆ ಶನಿವಾರ ಮನೆಗೆ ತಗೊಂಡ್ಬಾ.”

ಕಡಲ ಬದಿಗೆ ಹೋಗುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಕಪಾಟಿನ ಸಂದಿಯಲ್ಲೋ ಬಾಗಿಲ ಹಿಂದೆಯೋ ಇಂಥದ್ದೊಂದು ಕೋಲು ನಿಂತಿರಬಹುದು. ಅದನ್ನು ಬಿಸಾಡುವ ಮೊದಲು ಒಮ್ಮೆ ಕೈಗೆ ತೆಗೆದುಕೊಳ್ಳಿ. ಗಾಳ ಬಿಚ್ಚಿಡಿ. ಮುರಿದದ್ದು ತುದಿಯಲ್ಲಾದರೆ ಹೊಸ ಉಂಗುರ ಹಾಕಿ, ಕಿತ್ತ ಉಂಗುರವನ್ನು ನೂಲು ಸುತ್ತಿ ಕಟ್ಟಿ, ಒಂದು ದಿನ ಒಣಗಲು ಬಿಡಿ. ಬಿರುಕು ನಡುವಿನಲ್ಲೋ ಹಿಡಿಯಲ್ಲೋ ಇದ್ದರೆ ಮಾತ್ರ ಆಸೆ ಬಿಡಿ. ಉಜ್ಜುವಾಗ ಮಾಸ್ಕ್ ಇರಲಿ, ಬೆಂಕಿ ಹಚ್ಚುವಾಗ ಮಕ್ಕಳು ದೂರ ಇರಲಿ. ಕಡಲಿನಿಂದ ಬಂದ ದಿನವೇ ರೀಲಿನ ಉಪ್ಪು ಒರೆಸಿ. ಸವೆದ ದಾರವನ್ನೂ ತುಕ್ಕು ಹಿಡಿದ ಗಾಳವನ್ನೂ ಮರಳಲ್ಲಿ ಬಿಟ್ಟು ಬರಬೇಡಿ, ಬಾಟಲಿಗೆ ಹಾಕಿ ಮುಚ್ಚಿ.

ಇದಕ್ಕೆ ದೊಡ್ಡ ವಿದ್ಯೆ ಬೇಡ. ಒಂದು ಸಂಜೆ, ಒಂದು ಮೇಜು, ಜೊತೆಗೆ ಕೂರುವ ನಾಲ್ಕು ಜನ ಸಾಕು. ನಿಮಗೆ ಗೊತ್ತಿಲ್ಲದಿದ್ದರೆ ಪಕ್ಕದ ಮನೆಯ ಬಾಗಿಲು ತಟ್ಟಿ ಕೇಳಿ. ಗೊತ್ತಿದ್ದರೆ, ಅವರು ಬಂದು ಕೇಳುವವರೆಗೆ ಕಾಯದೆ ನೀವೇ ಹೋಗಿ ಹೇಳಿಕೊಡಿ.